ಪ್ರವಾಸ ಪ್ರಶ್ನೋತ್ತರ: ಡ್ಯಾನ್ಯೂಬ್ ಹಡಗಿನಲ್ಲಿ ಮೊದಲ ಮೂರು ದಿನ

ಎರಡು ಸಂಚಿಕೆಗಳ ಹಿಂದೆ ಡ್ಯಾನ್ಯೂಬ್ ನದಿಯ ಹಡಗುಯಾನದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅಂದಿನಿಂದ ಬಂದ ಪತ್ರಗಳೆಲ್ಲ ಅದರ ಬಗ್ಗೆಯೇ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಹೋಗಿದ್ದು ಒಂದೇ ಸಲ, ಒಂದು ಜೂನ್ ತಿಂಗಳಲ್ಲಿ, ಜರ್ಮನಿಯ ಪಸ್ಸಾವ್‌ನಿಂದ ಹಂಗೆರಿಯ ಬುಡಾಪೆಸ್ಟ್‌ವರೆಗೆ, ಏಳು ರಾತ್ರಿ. ಇಪ್ಪತ್ತೆಂಟು ವರ್ಷ ಶರಾವತಿಯ ಪವರ್‌ಹೌಸ್‌ನಲ್ಲಿ ದುಡಿದವನಾದ್ದರಿಂದ ನೀರಿನ ಪ್ರಶ್ನೆ ಬಂದಲ್ಲಿ ಉತ್ತರ ಉದ್ದವಾಗುತ್ತದೆ. ಊಟದ ಉತ್ತರ ನನ್ನ ಹೆಂಡತಿ ಹೇಳಿ ಬರೆಸಿದ್ದು.

ಮಗ ಮ್ಯೂನಿಕ್‌ನಲ್ಲಿದ್ದಾನೆ. ಜೂನ್‌ನಲ್ಲಿ ನಮ್ಮಿಬ್ಬರಿಗೂ ಪಸ್ಸಾವ್–ಬುಡಾಪೆಸ್ಟ್ ಹಡಗಿನಲ್ಲಿ ಜಾಗ ಕಾದಿರಿಸಿದ್ದಾನೆ. ಕಂಪನಿ ಕಳಿಸಿದ ಪಟ್ಟಿಯಲ್ಲಿ ಮೊದಲ ಮೂರು ದಿನಕ್ಕೇ ಒಂಬತ್ತು ಕಾರ್ಯಕ್ರಮಗಳಿವೆ. ಇಬ್ಬರಿಗೂ ಅರವತ್ತೆಂಟು ದಾಟಿದೆ, ಅವಳಿಗೆ ಮಂಡಿ ನೋವು. ಯಾವುದನ್ನು ಹಿಡಿಯುವುದು, ಯಾವುದನ್ನು ಬಿಡುವುದು?
— ನಿವೃತ್ತ ಶಿಕ್ಷಕರು, ಶಿವಮೊಗ್ಗ

ಮೇಷ್ಟ್ರೇ, ಒಂಬತ್ತರಲ್ಲಿ ಆರನ್ನು ಬಿಡಿ. ದುಡ್ಡು ಕೊಟ್ಟಾಗಿದೆ, ಬಿಟ್ಟರೆ ನಷ್ಟ ಎಂಬ ಲೆಕ್ಕವನ್ನು ಶಿವಮೊಗ್ಗದಲ್ಲೇ ಇಟ್ಟು ಹೊರಡಿ. ನಾನು ಆ ಲೆಕ್ಕ ಹೊತ್ತುಕೊಂಡೇ ಹೋಗಿ ಅನುಭವಿಸಿದೆ.

ಮೊದಲ ದಿನ ಹಡಗು ಹತ್ತಿಸಿಕೊಳ್ಳುವುದು ಸಾಮಾನ್ಯವಾಗಿ ಮಧ್ಯಾಹ್ನ ಮೂರರ ನಂತರ. ಮ್ಯೂನಿಕ್‌ನಿಂದ ಪಸ್ಸಾವ್‌ಗೆ ರೈಲಿನಲ್ಲಿ ಎರಡು ಗಂಟೆಗಿಂತ ತುಸು ಹೆಚ್ಚು. ಬೆಳಗಿನ ರೈಲು ಹಿಡಿದು, ಪೆಟ್ಟಿಗೆಗಳನ್ನು ಹಡಗಿಗೆ ಒಪ್ಪಿಸಿ, ಊರೊಳಗೆ ನಡೆಯಿರಿ. ಸೇಂಟ್ ಸ್ಟೀಫನ್ ಇಗರ್ಜಿಯಲ್ಲಿ ಸುಮಾರು 18,000 ಕೊಳವೆಗಳ ಆರ್ಗನ್ ಇದೆ. ಬೇಸಿಗೆಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಅರ್ಧ ಗಂಟೆ ನುಡಿಸುವ ವಾಡಿಕೆ, ಭಾನುವಾರ ಮತ್ತು ಹಬ್ಬದ ದಿನ ಬಿಟ್ಟು. ಕೂತು ಕೇಳುವ ಕೆಲಸವಾದ್ದರಿಂದ ಮಂಡಿಗೆ ತೊಂದರೆಯಿಲ್ಲ. ತಗ್ಗಿನ ಸ್ವರ ಹೊರಟಾಗ ನಾನು ಕೂತಿದ್ದ ಮರದ ಬೆಂಚು ನಡುಗಿತು. ಒಂದು ಕ್ಷಣ ನನಗೆ ನಮ್ಮ ಮೂರನೆಯ ಯೂನಿಟ್ ಚಾಲೂ ಆದ ಹಾಗಾಯಿತು.

ಅಲ್ಲಿಂದ ಇಳಿದು ಮೂರು ನದಿಗಳು ಕೂಡುವ ಮೂಲೆಗೆ ಹೋಗಿ. ನೀವು ಕೂಡಲಿಯನ್ನು ನೋಡಿದವರು, ನಿಮಗಿದು ಬೇರೆಯವರಿಗಿಂತ ಹೆಚ್ಚು ಅರ್ಥವಾಗುತ್ತದೆ. ಎಡದಿಂದ ಇಲ್ಟ್ಸ್ ಬರುತ್ತದೆ. ಬವೇರಿಯದ ಕಾಡಿನ ಜೌಗು ನೆಲದಿಂದ ಇಳಿದ ಕಪ್ಪು ನೀರು, ನಮ್ಮ ಮಲೆನಾಡಿನ ಕಷಾಯದ ಬಣ್ಣ. ನಡುವೆ ಡ್ಯಾನ್ಯೂಬ್. ಬಲದಿಂದ ಇನ್, ಆಲ್ಪ್ಸ್ ಪರ್ವತದ ಹಿಮ ಕರಗಿ ಬಂದದ್ದು, ಹಾಲು ಬೆರೆಸಿದಂತಹ ಹಸಿರು. ಸ್ವಲ್ಪ ದೂರ ಮೂರೂ ಒಂದರ ಪಕ್ಕ ಒಂದು ಹರಿದು, ಆಮೇಲೆ ಬೆರೆಯುತ್ತವೆ. ವರ್ಷದ ಸರಾಸರಿಯಲ್ಲಿ ಅಲ್ಲಿ ಹೆಚ್ಚು ನೀರು ತರುವುದು ಇನ್ ನದಿ. ಆದರೂ ಮುಂದೆ ಉಳಿಯುವ ಹೆಸರು ಡ್ಯಾನ್ಯೂಬ್‌ನದೇ. ಕೂಡಲಿಯಲ್ಲಿ ನಮ್ಮವರು ತುಂಗೆಯನ್ನೂ ಬಿಡದೆ ಭದ್ರೆಯನ್ನೂ ಬಿಡದೆ ತುಂಗಭದ್ರೆ ಎಂದರು. ಇಲ್ಲಿ ಪಾಪದ ಇನ್ ತವರಿನ ಹೆಸರನ್ನೇ ಕಳೆದುಕೊಂಡಿತು.

ಹಾಗೆಯೇ ಹಳೆಯ ಪುರಭವನದ ಗೋಪುರದ ಬುಡದಲ್ಲಿ ನಿಂತು ಗೋಡೆ ನೋಡಿ. ಯಾವ ವರ್ಷ ಹೊಳೆ ಎಲ್ಲಿಯವರೆಗೆ ಏರಿತ್ತು ಎಂದು ಗುರುತು ಹಾಕಿದ್ದಾರೆ. 2013ರ ಜೂನ್‌ನಲ್ಲಿ ನೀರು 12.89 ಮೀಟರ್ ಮುಟ್ಟಿತು. 1501ರ ನಂತರ ಅಷ್ಟು ಏರಿದ್ದು ಅದೇ ಮೊದಲು. ಹಡಗಿನ ಮಾರ್ಗದರ್ಶಿ ಇದನ್ನು ಎರಡು ನಿಮಿಷದಲ್ಲಿ ಮುಗಿಸುತ್ತಾರೆ. ನಾನು ಅಣೆಕಟ್ಟಿನ ಮನುಷ್ಯ, ಇಪ್ಪತ್ತು ನಿಮಿಷ ನಿಂತಿದ್ದೆ. ನನ್ನ ಹೆಂಡತಿ ಅಷ್ಟರಲ್ಲಿ ಎರಡು ಕಪ್ ಕಾಫಿ ಮುಗಿಸಿದಳು.

ಹಡಗು ಹತ್ತಿದ ಮೇಲೆ ಸ್ವಾಗತದ ಮೇಜಿನವರು ಪಾಸ್‌ಪೋರ್ಟ್ ಇಸಿದುಕೊಂಡರೆ ಗಾಬರಿ ಬೇಡ. ನಮ್ಮ ಹಡಗಿನಲ್ಲಿ ಕೊನೆಯವರೆಗೂ ಅಲ್ಲೇ ಇತ್ತು. ಬದಲಿಗೆ ಒಂದು ಕಾರ್ಡ್ ಕೊಡುತ್ತಾರೆ. ಇಳಿಯುವಾಗ, ಹತ್ತುವಾಗ ಅದನ್ನು ತೋರಿಸಬೇಕು. ಯಾರು ವಾಪಸು ಬಂದಿಲ್ಲ ಎಂದು ಅವರಿಗೆ ತಿಳಿಯುವುದು ಅದರಿಂದಲೇ. ಕಿತ್ತಳೆ ಬಣ್ಣದ ಜಾಕೆಟ್ ತೊಡಿಸಿ ಸುರಕ್ಷತೆಯ ಪಾಠ ಮಾಡುತ್ತಾರೆ, ಅದಕ್ಕೆ ಮಾತ್ರ ತಪ್ಪಿಸಬೇಡಿ.

ಎರಡನೆಯ ದಿನ ಹಡಗು ಆಸ್ಟ್ರಿಯದ ಲಿಂಟ್ಸ್‌ನಲ್ಲಿ ನಿಂತಿರುತ್ತದೆ. ನಿಮ್ಮ ಪಟ್ಟಿಯಲ್ಲಿ ‘ಸಾಲ್ಸ್‌ಬುರ್ಗ್ ಪೂರ್ಣದಿನ ಪ್ರವಾಸ’ ಇದ್ದೇ ಇರುತ್ತದೆ. ಅದನ್ನು ಹೊಡೆದುಹಾಕಿ. ಲಿಂಟ್ಸ್‌ನಿಂದ ಸಾಲ್ಸ್‌ಬುರ್ಗ್ ಸುಮಾರು 130 ಕಿಲೋಮೀಟರ್, ಹೋಗಿ ಬರುವುದಕ್ಕೇ ಮೂರು ಗಂಟೆಗೂ ಹೆಚ್ಚು ಬಸ್ಸು. ನಿಮ್ಮ ಮಗನ ಮನೆಯಿಂದ ಅದೇ ಊರಿಗೆ ರೈಲಿನಲ್ಲಿ ಎರಡು ಗಂಟೆಯೊಳಗೆ ಹೋಗಬಹುದು. ಆಮೇಲೆ ಬೇರೆ ದಿನ, ಅವನ ಜೊತೆ ಹೋಗಿ. ನಾನು ಹೋಗಿದ್ದೆ. ಸಾಲ್ಸ್‌ಬುರ್ಗ್ ಎಂದರೆ ನನಗೆ ಈಗ ನೆನಪಿರುವುದು ಬಸ್ಸಿನ ಮುಂದಿನ ಸೀಟಿನ ಬೆನ್ನು. ನೀವು ಲಿಂಟ್ಸ್‌ನ ಚೌಕದಲ್ಲಿ ನಡೆದಾಡಿ, ಪೋಸ್ಟ್‌ಲಿಂಗ್‌ಬೆರ್ಗ್ ಗುಡ್ಡಕ್ಕೆ ಟ್ರಾಮ್ ಹತ್ತಿ, ಊಟಕ್ಕೆ ಹಡಗಿಗೆ ಬಂದು ಮಲಗಿ. ಮಲಗಲೇಬೇಕು, ಏಕೆಂದರೆ ಬೇಸಿಗೆಯಲ್ಲಿ ಅವರು ನಮಗಿಂತ ಮೂರೂವರೆ ಗಂಟೆ ಹಿಂದೆ. ಮನೆಯಲ್ಲಿ ಬೆಳಗಿನ ಆರಕ್ಕೆ ಏಳುವವರಿಗೆ ಅಲ್ಲಿ ಎರಡೂವರೆಗೇ ಎಚ್ಚರ. ನಾನು ಮೂರು ರಾತ್ರಿ ಮೂರು ಗಂಟೆಗೆ ಹಡಗಿನ ಪಡಸಾಲೆಯಲ್ಲಿ ಕಾಫಿ ಯಂತ್ರದ ಮುಂದೆ ಕೂತಿದ್ದೆ. ಇನ್ನು ಸಂಜೆಯೋ, ಬರುವುದೇ ಇಲ್ಲ. ಜೂನ್‌ನಲ್ಲಿ ರಾತ್ರಿ ಒಂಬತ್ತಕ್ಕೆ ಸೂರ್ಯ ಮುಳುಗುತ್ತಾನೆ. ಸಂಧ್ಯಾವಂದನೆ ಮಾಡುವವರಿದ್ದರೆ ಅದಕ್ಕೂ ಮೊದಲೇ ನಿದ್ದೆ ಬಂದಿರುತ್ತದೆ.

ಮೂರನೆಯ ದಿನಕ್ಕೆ ಶಕ್ತಿ ಉಳಿಸಿಕೊಳ್ಳಿ ಎನ್ನುವುದಕ್ಕೇ ಇಷ್ಟು ಹೇಳಿದ್ದು. ಬೆಳಿಗ್ಗೆ ಮೆಲ್ಕ್. 1089ರಿಂದ ಬೆನೆಡಿಕ್ಟ್ ಪಂಥದ ಸನ್ಯಾಸಿಗಳು ಇರುವ ಮಠ. ಈಗ ಕಾಣುವ ಹಳದಿ ಕಟ್ಟಡ 1702ರಿಂದ 1736ರ ನಡುವಿನದು. ಬಸ್ಸು ಮೇಲಿನ ಬಾಗಿಲಿನವರೆಗೆ ಒಯ್ಯುತ್ತದೆ. ವಾಪಸು ಬರುವಾಗ ಜೊತೆಯವರು ‘ಊರೊಳಗಿಂದ ಇಳಿದು ಹೋಗೋಣ’ ಎನ್ನುತ್ತಾರೆ. ಮಂಡಿಗೆ ಏರುವುದಕ್ಕಿಂತ ಇಳಿಯುವುದೇ ಶತ್ರು, ನಿಮ್ಮ ಮನೆಯವರು ಬಸ್ಸಿನಲ್ಲೇ ಬರಲಿ.

ಮಧ್ಯಾಹ್ನ ಹಡಗು ಮೆಲ್ಕ್ ಬಿಟ್ಟು ಕ್ರೆಮ್ಸ್ ಕಡೆಗೆ ಹೊರಡುತ್ತದೆ. ನಡುವಿನ ಸುಮಾರು 36 ಕಿಲೋಮೀಟರ್ ವಾಖಾವ್ ಕಣಿವೆ, 2000ದಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು. ಇಡೀ ಯಾನದಲ್ಲಿ ಹಗಲು ಬೆಳಕಿನಲ್ಲಿ ಹಡಗು ಚಲಿಸುವ ಅತ್ಯಂತ ಚೆಂದದ ಹೊತ್ತು ಇದು. ಎರಡೂ ದಡದಲ್ಲಿ ಕಲ್ಲು ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಮಾಡಿದ ದ್ರಾಕ್ಷಿ ತೋಟಗಳು, ಕೆಳಗೆ ಏಪ್ರಿಕಾಟ್ ಮರಗಳು, ಡ್ಯೂರ್ನ್‌ಷ್ಟೈನ್‌ನ ತಿಳಿ ನೀಲಿ ಇಗರ್ಜಿ ಗೋಪುರ, ಅದರ ನೆತ್ತಿಯ ಮೇಲೆ ಪಾಳು ಕೋಟೆ. ಇಂಗ್ಲೆಂಡಿನ ದೊರೆ ಒಂದನೆಯ ರಿಚರ್ಡ್‌ನನ್ನು 1192ರ ಚಳಿಗಾಲದಲ್ಲಿ ಸೆರೆ ಇಟ್ಟದ್ದು ಅಲ್ಲೇ.

ಇಷ್ಟೆಲ್ಲವನ್ನೂ ನಾನು ಕಂಡದ್ದು ಹೆಂಡತಿಯ ಮೊಬೈಲ್‌ನಲ್ಲಿ. ಹಿಂದಿನ ದಿನದ ಸಾಲ್ಸ್‌ಬುರ್ಗ್ ಬಸ್ಸು, ಬೆಳಗಿನ ಮಠ, ಮಧ್ಯಾಹ್ನದ ಊಟ, ಇವು ಮೂರೂ ಸೇರಿ ‘ಹತ್ತು ನಿಮಿಷ ಒರಗುತ್ತೇನೆ’ ಎಂದವನು ಎದ್ದಾಗ ಹಡಗು ಕ್ರೆಮ್ಸ್‌ನಲ್ಲಿ ಹಗ್ಗ ಕಟ್ಟುತ್ತಿತ್ತು. ಅವಳು ಎಬ್ಬಿಸಲು ಬಂದಿದ್ದಳಂತೆ. ನಾನೇ ‘ಊರು ಬಂದಾಗ ಹೇಳು’ ಎಂದೆನಂತೆ.

ಆಗುಂಬೆ ಘಾಟಿಯಲ್ಲೇ ನನಗೆ ವಾಂತಿಯಾಗುತ್ತದೆ. ಏಳು ರಾತ್ರಿ ನೀರಿನ ಮೇಲೆ ಇರಬಲ್ಲೆನೇ? ಹಡಗು ತೂಗಾಡುವುದಿಲ್ಲವೇ?
— ಗೃಹಿಣಿ, ತೀರ್ಥಹಳ್ಳಿ

ತೂಗಾಡುವುದಿಲ್ಲ. ಸಮುದ್ರದ ಅಲೆ ಹೊಳೆಯಲ್ಲಿ ಇರುವುದಿಲ್ಲ. ಮೇಜಿನ ಮೇಲೆ ತುಂಬಿದ ಲೋಟ ಇಟ್ಟರೆ ನೀರು ತುಳುಕುವುದಿಲ್ಲ. ಎಂಜಿನ್ನಿನ ಸಣ್ಣ ನಡುಕ ಹಾಸಿಗೆಗೆ ತಾಗುತ್ತದೆ, ಅಷ್ಟೇ. ನಿಮ್ಮನ್ನು ಹೆದರಿಸುವುದಿದ್ದರೆ ಅದು ಸದ್ದು. ಆ ಕಥೆ ಹೇಳುವುದಕ್ಕೆ ನನಗೆ ನಾಚಿಕೆ, ಆದರೂ ಹೇಳುತ್ತೇನೆ.

ಮೊದಲ ರಾತ್ರಿ ಹತ್ತಕ್ಕೆ ಪಸ್ಸಾವ್ ಬಿಟ್ಟೆವು. ಹನ್ನೊಂದೂವರೆ ಸುಮಾರಿಗೆ ‘ಧಡ್’ ಎಂದು ಒಂದು ಸದ್ದು, ಆಮೇಲೆ ಕಬ್ಬಿಣ ಕಲ್ಲಿಗೆ ಉಜ್ಜಿದ ಹಾಗೆ ಕರ್ರ್ ಎಂದು ಉದ್ದಕ್ಕೆ. ಎದ್ದು ಪರದೆ ಸರಿಸಿದರೆ ಕಿಟಕಿಯಿಂದ ಒಂದು ಕೈ ದೂರದಲ್ಲಿ ಪಾಚಿಗಟ್ಟಿದ ಕಾಂಕ್ರೀಟ್ ಗೋಡೆ, ಅದೂ ನಿಧಾನವಾಗಿ ಮೇಲಕ್ಕೆ ಏರುತ್ತಿದೆ! ಹಡಗು ಮುಳುಗುತ್ತಿದೆ ಎಂದುಕೊಂಡು ಪಂಚೆಯಲ್ಲೇ ಓಣಿಗೆ ಓಡಿದೆ. ಅಲ್ಲಿ ನೆಲ ಒರೆಸುತ್ತಿದ್ದ ಹುಡುಗ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ನಕ್ಕು, ‘ಲಾಕ್, ಸರ್’ ಎಂದ.

ಯೋಖೆನ್‌ಷ್ಟೈನ್ ಜಲವಿದ್ಯುತ್ ಕೇಂದ್ರದ ಲಾಕ್ ಅದು. ನದಿಗೆ ಅಡ್ಡ ಕಟ್ಟಿದಾಗ ಹಡಗು ದಾಟುವುದಕ್ಕೆ ಪಕ್ಕದಲ್ಲಿ ಒಂದು ಉದ್ದನೆಯ ತೊಟ್ಟಿ ಮಾಡುತ್ತಾರೆ, ಎರಡೂ ತುದಿಗೆ ಬಾಗಿಲು. ಹಡಗು ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ ನೀರನ್ನು ಕೆಳಗಿನ ಹೊಳೆಗೆ ಬಿಡುತ್ತಾರೆ. ನೀರಿನ ಜೊತೆ ಹಡಗೂ ಹತ್ತು ಮೀಟರ್ ಇಳಿಯುತ್ತದೆ, ಮುಂದಿನ ಬಾಗಿಲು ತೆರೆಯುತ್ತದೆ. ಪಂಪು ಬೇಡ, ಎಲ್ಲವೂ ನೀರಿನ ಸ್ವಂತ ತೂಕದ ಕೆಲಸ. ತೊಟ್ಟಿ 230 ಮೀಟರ್ ಉದ್ದ, 24 ಮೀಟರ್ ಅಗಲ. ನಮ್ಮ ಹಡಗು 135 ಮೀಟರ್ ಉದ್ದ, ಹನ್ನೊಂದೂವರೆ ಮೀಟರ್‌ಗೆ ಸ್ವಲ್ಪ ಕಡಿಮೆ ಅಗಲ. ಇಲ್ಲಿನ ಹೆಚ್ಚಿನ ನದಿ ಹಡಗುಗಳು ಹೀಗೆ ಪೆನ್ಸಿಲ್ಲಿನಂತೆ ಇರುವುದಕ್ಕೆ ಕಾರಣವಿದೆ. 1992ರಲ್ಲಿ ಪೂರ್ಣಗೊಂಡ ಮೈನ್–ಡ್ಯಾನ್ಯೂಬ್ ಕಾಲುವೆಯ ಲಾಕ್‌ಗಳ ಅಗಲ ಬರೀ 12 ಮೀಟರ್, ಅದರಲ್ಲಿ ತೂರಬೇಕಲ್ಲ.

ಬೆಳಿಗ್ಗೆ ನನಗೆ ಹೆಂಡತಿ ಕೇಳಿದ ಮೊದಲ ಪ್ರಶ್ನೆ: ‘ಇಪ್ಪತ್ತೆಂಟು ವರ್ಷ ಅಣೆಕಟ್ಟಿನ ಮೇಲೆ ಇದ್ದವರು ಅಣೆಕಟ್ಟು ನೋಡಿ ಓಡಿದಿರಾ?’ ನನ್ನ ಸಮಜಾಯಿಷಿ ಹೀಗಿತ್ತು. ಶರಾವತಿಯಲ್ಲಿ ನೀರು ನಾನೂರು ಮೀಟರ್‌ಗೂ ಮಿಕ್ಕಿ ಕೆಳಗೆ ಬಂದು ಪೆಲ್ಟನ್ ಚಕ್ರಕ್ಕೆ ಬಡಿಯುತ್ತದೆ. ಹತ್ತು ಯಂತ್ರ, 1,035 ಮೆಗಾವಾಟ್. ಆ ನೀರಿನಲ್ಲಿ ಹಡಗು ನಡೆಸುವ ಮಾತೇ ಇಲ್ಲ. ಯೋಖೆನ್‌ಷ್ಟೈನ್‌ನಲ್ಲಿ ಬೀಳುವುದು ಹತ್ತೇ ಮೀಟರ್, ಆದರೆ ಇಡೀ ನದಿಯೇ ಬೀಳುತ್ತದೆ. ಐದು ಕಪ್ಲಾನ್ ಟರ್ಬೈನ್, 132 ಮೆಗಾವಾಟ್. ಪಕ್ಕದಲ್ಲಿ ಹಡಗಿಗೂ ದಾರಿ. ‘ಆಯಿತು, ಪಂಚೆ ಬಿಗಿಯಾಗಿ ಕಟ್ಟಿಕೊಳ್ಳಿ, ವಿಯೆನ್ನಾದವರೆಗೆ ಇನ್ನೂ ಇಂಥವೇ ಇವೆ’ ಎಂದಳು. ಒಂಬತ್ತು ಇದ್ದವು.

ಕ್ಯಾಬಿನ್ ಯಾವ ಅಂತಸ್ತಿನಲ್ಲಿ ತೆಗೆದುಕೊಳ್ಳಬೇಕು? ಬಾಲ್ಕನಿಗೆ ಹೆಚ್ಚು ಹಣ ಕೊಡುವುದು ಸಾರ್ಥಕವೇ?
— ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಕೆಳಗಿನ ಅಂತಸ್ತಿನ ಕಿಟಕಿ ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಮೇಲೆ, ಚಿಕ್ಕದು, ತೆರೆಯುವುದಿಲ್ಲ. ಹಲವು ಹಡಗುಗಳಲ್ಲಿ ಲಿಫ್ಟ್ ಅಲ್ಲಿಯವರೆಗೆ ಇಳಿಯುವುದೂ ಇಲ್ಲ. ವಯಸ್ಸಾದವರಿದ್ದರೆ ನಡುವಿನ ಅಂತಸ್ತು, ಎಂಜಿನ್ನಿರುವ ಹಿಂಭಾಗದಿಂದ ದೂರ. ಬಾಲ್ಕನಿಗೆ ಹೆಚ್ಚು ಹಣ ಕೊಡುವ ಮೊದಲು ಒಂದು ವಿಷಯ ತಿಳಿದಿರಲಿ. ಊರುಗಳಲ್ಲಿ ದಡ ಸಾಲದೆ ಹಡಗುಗಳನ್ನು ಒಂದರ ಪಕ್ಕ ಒಂದು ಕಟ್ಟುತ್ತಾರೆ. ಲಿಂಟ್ಸ್‌ನಲ್ಲಿ ಬೆಳಿಗ್ಗೆ ನಾನು ಹಲ್ಲುಜ್ಜುತ್ತಾ ಪರದೆ ಎಳೆದರೆ ಎದುರಿನ ಹಡಗಿನಲ್ಲಿ ಇನ್ನೊಬ್ಬರು ಹಲ್ಲುಜ್ಜುತ್ತಿದ್ದರು. ಪರಸ್ಪರ ನಮಸ್ಕಾರವಾಯಿತು. ದಡಕ್ಕೆ ಹೋಗಬೇಕಾದರೂ ಅವರ ಹಡಗಿನ ಪಡಸಾಲೆ ಹಾದೇ ಹೋಗಬೇಕು. ನದಿ ನೋಡುವುದಕ್ಕೆ ಮೇಲಿನ ತೆರೆದ ಅಟ್ಟವೇ ಸರಿ, ಅದು ಎಲ್ಲರಿಗೂ ಸೇರಿದ್ದು.

ಹಡಗಿನಲ್ಲಿ ಶುದ್ಧ ಸಸ್ಯಾಹಾರ ಸಿಗುತ್ತದೆಯೇ? ಮನೆಯಿಂದ ಏನೇನು ಒಯ್ಯಬಹುದು?
— ಧಾರವಾಡದ ಓದುಗರು

ಇದು ನನ್ನ ಹೆಂಡತಿಯ ಮಾತು, ನಾನು ಬರೀ ಗುಮಾಸ್ತ.

ಸಿಗುತ್ತದೆ, ಆದರೆ ಹಡಗು ಹತ್ತಿದ ಸಂಜೆಯೇ ಊಟದ ಮನೆಯ ಮುಖ್ಯಸ್ಥರನ್ನು ಕಂಡು ಹೇಳಬೇಕು. ‘ವೆಜಿಟೇರಿಯನ್’ ಎಂದು ಹೇಳಿ ಸುಮ್ಮನಾಗಬೇಡಿ. ಮಾಂಸ, ಮೀನು, ಕೋಳಿ, ಮೂಳೆಯ ಸಾರು, ಒಂದೊಂದನ್ನೂ ಹೆಸರಿಸಿ ಬೇಡವೆನ್ನಿ. ಮೊಟ್ಟೆ ತಿನ್ನದಿದ್ದರೆ ಅದನ್ನು ಬೇರೆಯಾಗಿ ಹೇಳಿ, ಅವರ ಲೆಕ್ಕದಲ್ಲಿ ಮೊಟ್ಟೆ ಸಸ್ಯಾಹಾರವೇ. ಎರಡನೆಯ ದಿನ ಊರಿನ ಹೋಟೆಲಿನಲ್ಲಿ ‘ಫ್ರಿಟಾಟೆನ್‌ಸುಪ್ಪೆ’ ಎಂಬ ಸೂಪು ಪಕ್ಕದ ಮೇಜಿಗೆ ಬಂತು. ತಿಳಿಸಾರಿನಲ್ಲಿ ದೋಸೆಯನ್ನು ಎಳೆ ಎಳೆಯಾಗಿ ಕತ್ತರಿಸಿ ಹಾಕಿದ ಹಾಗೆ, ನೋಡಿದರೆ ಬಾಯಲ್ಲಿ ನೀರು. ಕೇಳಿದ್ದು ಒಳ್ಳೆಯದಾಯಿತು, ಆ ತಿಳಿಸಾರು ದನದ ಮಾಂಸದ್ದು. ಊರೊಳಗೆ ಉಣ್ಣುವಾಗ ‘ಓನೆ ಫ್ಲೈಶ್’, ಅಂದರೆ ಮಾಂಸವಿಲ್ಲದೆ, ಎಂಬ ಎರಡು ಪದ ಬಾಯಿಪಾಠ ಮಾಡಿಕೊಳ್ಳಿ. ವಾಖಾವ್‌ನಲ್ಲಿ ಏಪ್ರಿಕಾಟ್ ಇಟ್ಟು ಬೇಯಿಸಿದ ಉಂಡೆ ಸಿಗುತ್ತದೆ, ‘ಮರಿಲ್ಲೆನ್‌ಕ್ನ್ಯೋಡೆಲ್’. ನಮ್ಮ ಸಿಹಿಗಡುಬಿನ ದೂರದ ನೆಂಟ. ಹಿಟ್ಟಿಗೆ ಮೊಟ್ಟೆ ಹಾಕಿರಬಹುದು.

ಧಾರವಾಡದವರೆಂದು ಎಚ್ಚರಿಸುತ್ತೇನೆ. ಹೊರದೇಶದಿಂದ ಬರುವವರು ಹಾಲಿನ ಪದಾರ್ಥ, ಮಾಂಸದ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ತುಪ್ಪದ ಡಬ್ಬಿ, ಖೋವಾ ಯಾವುದೂ ಬೇಡ. ಮಕ್ಕಳಿಗೆಂದು ಪೇಡೆ ಕಟ್ಟಿಕೊಂಡು ಹೋಗಿ ವಿಮಾನ ನಿಲ್ದಾಣದಲ್ಲಿ ಪೇಚಿಗೆ ಸಿಕ್ಕಬೇಡಿ. ಹಸಿ ಕರಿಬೇವನ್ನೂ ಸುಮ್ಮನೆ ಒಯ್ಯುವ ಹಾಗಿಲ್ಲ. ಚಟ್ನಿಪುಡಿ, ಅವಲಕ್ಕಿ, ಉಪ್ಪಿನಕಾಯಿ ಸಾಕು. ಎಣ್ಣೆಯ ಬಾಟಲಿಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ. ಕ್ಯಾಬಿನ್ನಿನಲ್ಲಿ ಕಾಯಿಸುವ ಪಾತ್ರೆ ಬಳಸಲು ಹೆಚ್ಚಿನ ಹಡಗುಗಳು ಬಿಡುವುದಿಲ್ಲ, ಬೆಂಕಿಯ ಭಯ. ನಾವು ಕಾಫಿ ಯಂತ್ರದ ಬಿಸಿನೀರಿನಲ್ಲಿ ಅವಲಕ್ಕಿ ನೆನೆಸಿಕೊಂಡೆವು.

ನೀರು ಕಡಿಮೆಯಾಗಿ ಹಡಗಿನ ಬದಲು ಬಸ್ಸಿನಲ್ಲಿ ಸುತ್ತಿಸಿದರು ಎಂದು ಪರಿಚಯದವರೊಬ್ಬರು ಗೋಳಾಡಿದರು. ನಿಜವೇ? ತಪ್ಪಿಸುವುದು ಹೇಗೆ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ನಿಜ. ಬವೇರಿಯದಲ್ಲಿ ಸ್ಟ್ರಾಬಿಂಗ್ ಮತ್ತು ವಿಲ್ಸ್‌ಹೋಫೆನ್ ನಡುವೆ ಸುಮಾರು 70 ಕಿಲೋಮೀಟರ್ ಡ್ಯಾನ್ಯೂಬ್‌ಗೆ ಅಡ್ಡಕಟ್ಟೆ ಇಲ್ಲ. ಅಲ್ಲಿ ನೀರಿನ ಆಳ ಮಳೆಯ ಕೃಪೆ. 2018ರಲ್ಲಿ, 2022ರಲ್ಲಿ ಬರ ಬಂದಾಗ ಹಡಗುಗಳಿಗೆ ತೊಂದರೆಯಾಯಿತು. ಹೀಗಾದಾಗ ಕಂಪನಿಗಳು ಆಚೆ ಒಂದು, ಈಚೆ ಒಂದು ಹಡಗು ನಿಲ್ಲಿಸಿ, ಪ್ರಯಾಣಿಕರನ್ನೂ ಪೆಟ್ಟಿಗೆಗಳನ್ನೂ ಬಸ್ಸಿನಲ್ಲಿ ಅದಲುಬದಲು ಮಾಡುತ್ತವೆ. ನೀರು ಹೆಚ್ಚಾದರೆ ಇನ್ನೊಂದು ತೊಂದರೆ, ಸೇತುವೆಯ ಕೆಳಗೆ ಹಡಗು ತೂರುವುದಿಲ್ಲ. 2024ರ ಸೆಪ್ಟೆಂಬರ್ ಪ್ರವಾಹದಲ್ಲಿ ಆಸ್ಟ್ರಿಯದಲ್ಲಿ ಹಡಗುಗಳು ನಿಂತಲ್ಲೇ ನಿಂತವು.

ನ್ಯೂರೆಂಬರ್ಗ್ ಅಥವಾ ರೆಗೆನ್ಸ್‌ಬುರ್ಗ್‌ನಿಂದ ಹೊರಡುವ ಯಾನಗಳು ಆ 70 ಕಿಲೋಮೀಟರ್ ದಾಟಲೇಬೇಕು. ಪಸ್ಸಾವ್ ಅದಕ್ಕಿಂತ ಕೆಳಗಿದೆ, ಅಲ್ಲಿಂದ ಹೊರಟರೆ ಆ ಕಂಟಕವಿಲ್ಲ. ವಾಖಾವ್‌ನಲ್ಲೂ ವಿಯೆನ್ನಾದ ಕೆಳಗೂ ಕಟ್ಟೆಯಿಲ್ಲದ ತುಣುಕುಗಳಿವೆ, ಹಾಗಾಗಿ ಪೂರ್ತಿ ಖಾತರಿ ಯಾರೂ ಕೊಡಲಾರರು. ದಾರಿ ಬದಲಿಸುವ ಹಕ್ಕು ನಮ್ಮದು ಎಂಬ ಸಾಲು ಕರಾರಿನಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಹಣ ಕಟ್ಟುವ ಮೊದಲು ಕನ್ನಡಕ ಹಾಕಿಕೊಂಡು ಅದನ್ನು ಓದಿ.

ನಾಲ್ಕು ದೇಶ ಎಂದರೆ ನಾಲ್ಕು ವೀಸಾ ಬೇಕೇ?
— ವ್ಯಾಪಾರಿ, ದಾವಣಗೆರೆ

ಒಂದೇ ಸಾಕು. ಜರ್ಮನಿ, ಆಸ್ಟ್ರಿಯ, ಸ್ಲೊವಾಕಿಯ, ಹಂಗೆರಿ ನಾಲ್ಕೂ ಒಂದೇ ವೀಸಾದಲ್ಲಿ ಓಡಾಡಬಹುದಾದ ಷೆಂಗೆನ್ ಕೂಟದವು. ಹೆಚ್ಚು ದಿನ ತಂಗುವ ದೇಶಕ್ಕೆ ಅರ್ಜಿ ಹಾಕಬೇಕು. ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಹಂಗೆರಿಯಲ್ಲಿ ಮಾತ್ರ ನಾಣ್ಯ ಫೋರಿಂಟ್, ಉಳಿದ ಮೂರರಲ್ಲಿ ಯೂರೊ.

ಇಷ್ಟೆಲ್ಲ ಓದಿದ ಮೇಲೂ ಕೇಳುತ್ತೇನೆ: ಒಂದು ಹೊಳೆ ನೋಡುವುದಕ್ಕೆ ಇಷ್ಟು ಲಕ್ಷ ಸುರಿಯಬೇಕೇ? ನಮ್ಮಲ್ಲಿ ಹೊಳೆಗಳಿಗೆ ಬರವೇ?
— ಕೃಷಿಕರು, ಸಾಗರ

ಬರವಿಲ್ಲ. ಸಿಗಂದೂರಿನ ಲಾಂಚ್‌ನಲ್ಲಿ ನಾನು ಎಷ್ಟು ಸಲ ದಾಟಿದ್ದೇನೋ ಲೆಕ್ಕವಿಲ್ಲ, ಈಗ ಸೇತುವೆ ಬಂದಿದೆ. ನಮ್ಮ ಹಡಗಿನ ಖರ್ಚನ್ನು ಮಗಳು ಕೊಟ್ಟಳು, ಕೈಯಿಂದ ಹೋಗಿದ್ದರೆ ನಾನೂ ನಿಮ್ಮ ಪ್ರಶ್ನೆಯನ್ನೇ ಕೇಳುತ್ತಿದ್ದೆ.

ಆದರೆ ಯಾವುದಾದರೂ ಕಾರಣಕ್ಕೆ ವಿಯೆನ್ನಾಕ್ಕೆ ಹೋದರೆ ಒಂದು ದಿನ ಇದಕ್ಕೆ ಇಡಿ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮೆಲ್ಕ್ ಮತ್ತು ಕ್ರೆಮ್ಸ್ ನಡುವೆ ಹಗಲು ದೋಣಿಗಳು ಓಡಾಡುತ್ತವೆ. ವಿಯೆನ್ನಾದಿಂದ ಎರಡೂ ಊರಿಗೆ ರೈಲಿದೆ, ಸುಮಾರು ಒಂದೊಂದು ಗಂಟೆ. ಬೆಳಿಗ್ಗೆ ಹೋಗಿ ರಾತ್ರಿ ವಾಪಸು. ನಾನು ನಿದ್ದೆಯಲ್ಲಿ ಕಳೆದುಕೊಂಡ ಕಣಿವೆ ಪೂರ್ತಿ ನಿಮ್ಮದು. ಎಲ್ಲರೂ ಮೆಲ್ಕ್‌ನಲ್ಲಿ ಹತ್ತಿ ಹೊಳೆಯ ಜೊತೆ ಇಳಿಯುತ್ತಾರೆ, ಒಂದೂವರೆ ಗಂಟೆ ಚಿಲ್ಲರೆಯಲ್ಲಿ ಮುಗಿದುಹೋಗುತ್ತದೆ. ಹೊಳೆಗೆ ಎದುರಾಗಿ ಬಂದರೆ ಮೂರು ಗಂಟೆಯ ಹತ್ತಿರ. ಕೊಟ್ಟ ದುಡ್ಡಿಗೆ ತಕ್ಕಷ್ಟು ನದಿ ಬೇಕೆನ್ನುವ ನಿಮ್ಮಂಥವರು ಕ್ರೆಮ್ಸ್‌ನಲ್ಲಿ ಹತ್ತಬೇಕು.